ಬಂಡಸಾಲೆಯ ಉಬ್ಬಿದ ಗೋಡೆ

೧೯೯೮ರಲ್ಲಿ ನಾನು ಕುಂದಾಪುರದಲ್ಲಿ ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಸಹಾಯಕ ಎಂಜಿನಿಯರ್. ಗುಲ್ವಾಡಿಯಿಂದಾಚೆ ಹೊಳೆದಂಡೆಯಲ್ಲಿ ಹಳೆಯ ಕಲ್ಲುಕೋರೆಯ ಊರೊಂದಿತ್ತು. ಕೋರೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕೂಲಿಯವರ ಅಕ್ಕಿ, ಹಾರೆ, ಹಗ್ಗ ತುಂಬಿಡಲು ಕೆಂಪುಕಲ್ಲಿನಲ್ಲಿ ಕಟ್ಟಿದ್ದ ಬಂಡಸಾಲೆ, ಅಂದರೆ ಗೋದಾಮು, ಮಾತ್ರ ಸರ್ಕಾರದ ವಶದಲ್ಲಿ ಉಳಿದಿತ್ತು. ಅದರೊಳಗೆ ಎಂಟು ನೇಕಾರರು ಸೀರೆ ನೇಯುತ್ತಿದ್ದರು. ಎಲ್ಲವೂ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕುಳಿತು ನೇಯುವಂಥದ್ದು. ಎತ್ತಿ ಬೇರೆಡೆ ಇಡುವ ಹಾಗಿಲ್ಲ. ಕಟ್ಟಡ ಹೋದರೆ ಎಂಟು ಜನರ ಕೆಲಸವೂ ಹೋದ ಹಾಗೆಯೇ.

ಆ ವರ್ಷ ಮಳೆಗಾಲ ಮುಗಿದ ಮೇಲೆ, ಹೊಳೆ ಕಡೆಯ ಗೋಡೆ ಉಬ್ಬಿದೆಯೆಂದು ದೂರು ಬಂತು. ಹೋಗಿ ತೂಗುಗುಂಡು ಇಳಿಬಿಟ್ಟೆ. ಗೋಡೆ ನೇರವಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ಗುಂಡು ಅದು. ಮೂರು ಇಂಚು ಹೊರಕ್ಕೆ! ಒಳಗೂ ನೋಡಬೇಕಿತ್ತು. ಆದರೆ ಮಗ್ಗವಿದ್ದಲ್ಲಿಗೆ ಬೂಟು ಹಾಕಿಕೊಂಡು ಹೋಗುವಂತಿಲ್ಲ, ನನಗೋ ಲೇಸು ಬಿಚ್ಚುವ ಸೋಮಾರಿತನ. ಹೊರಗಿನಿಂದಲೇ ಅಳೆದು ‘ಅಪಾಯಕಾರಿ, ಕೆಡವಬೇಕು’ ಎಂದು ವರದಿ ಬರೆದೆ. ಒಂದೇ ವಾರದಲ್ಲಿ ಒಪ್ಪಿಗೆಯೂ ಬಂತು. ನಮ್ಮ ಕಡತಗಳಿಗೆ ಕೆಡವುವ ವಿಷಯದಲ್ಲಿ ಮಾತ್ರ ಕಾಲು ಬರುತ್ತದೆ.

ನೋಟಿಸು ಕೊಡಲು ಹೋದಾಗ ನೇಕಾರರಲ್ಲಿ ಹಿರಿಯರಾದ ಗುಲಾಬಿ ಅಕ್ಕ ಮಗ್ಗ ಬಿಟ್ಟು ಏಳಲೇ ಇಲ್ಲ.

“ಹಾಸ್ ಮುಗೀದೆ ಮಗ್ಗ ಬಿಚ್ಚೂಕ್ ಆತಿಲ್ಲೆ ಸಾರ್. ನೀವ್ ಎಂತ ಬೇಕಾರೂ ಬರ್ಕಣಿ.”

ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ನೂಲು. ನೇಯ್ಗೆ ನಡುವೆ ಅದನ್ನು ಕತ್ತರಿಸುವ ಪದ್ಧತಿ ಅವರಲ್ಲಿಲ್ಲ. ನನಗೆ ಸಿಟ್ಟು ಬಂತು, ಆದರೂ ಒತ್ತಾಯಿಸಲು ಬಾಯಿ ಬರಲಿಲ್ಲ. ನಾಲ್ಕು ದಿನ ಕೊಟ್ಟೆ. ಅಷ್ಟರೊಳಗೆ ಗೋಡೆ ಅವರ ಮೇಲೆ ಬೀಳಬಾರದಲ್ಲ, ಆಸರೆಗೆ ಮರದ ಊರೆ ಕೊಡಲೆಂದು ಮಂಜ ಮೇಸ್ತ್ರಿಯನ್ನು ಕರೆಸಿದೆ. ಅವರು ಊರೆ ಬದಿಗಿಟ್ಟು, ಕರಣೆಯ ಹಿಡಿಯಿಂದ ಗೋಡೆಯನ್ನು ಕುಟ್ಟುತ್ತಾ ಹೋದರು. ಡಬಡಬ ಸದ್ದು. ಉಳಿ ಹಾಕಿ ಒಂದು ಚಕ್ಕೆ ಕೆಡವಿ ನನ್ನತ್ತ ತಿರುಗಿದರು.

“ಹ್ವಾಯ್ ಸಾರ್, ಇಲ್ಲ್ ಕಾಣಿ. ಕಲ್ಲ್ ಉಬ್ಬಲಿಲ್ಲ ಮರಾಯ್ರೆ, ಸಾರಣೆ ಉಬ್ಬಿದ್ದ್!”

ಎಂದೋ ಯಾರೋ ಚಂದ ಕಾಣಲೆಂದು ಕೆಂಪುಕಲ್ಲಿನ ಮೇಲೆ ಸಿಮೆಂಟು ಸಾರಣೆ ಮಾಡಿದ್ದರು. ಕೆಂಪುಕಲ್ಲು ನೀರು ಕುಡಿಯುವ ಕಲ್ಲು. ಕುಡಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಸಾರಣೆ ಕಲ್ಲು ಬಿಟ್ಟು ಎದ್ದಿತ್ತು. ಬೂಟು ಬಿಚ್ಚಿ ಒಳಗೆ ಹೋಗಿ ಗುಂಡು ಇಳಿಬಿಟ್ಟೆ. ಕಾಲು ಇಂಚಿನ ವ್ಯತ್ಯಾಸವೂ ಇರಲಿಲ್ಲ. ಅಬ್ಬ ಎನ್ನಿಸಿತು, ಎದೆಯ ಮೇಲಿನ ಭಾರ ಇಳಿಯಿತು. ನಾಚಿಕೆಯೂ ಆಯಿತು.

ಅದೇ ಕಡತದಲ್ಲಿ ‘ನನ್ನ ಹಿಂದಿನ ತಪಾಸಣೆ ತಪ್ಪು’ ಎಂದು ಬರೆದು ಮೇಲಧಿಕಾರಿಯ ಮುಂದಿಟ್ಟೆ. ಅವರು ಬೈಯಲಿಲ್ಲ.

“ಕೆಡವಿದ ಮೇಲೆ ಗೊತ್ತಾಗಿದ್ದರೆ ಏನು ಬರೆಯುತ್ತಿದ್ದಿರಿ?” ಎಂದಷ್ಟೇ ಕೇಳಿ ಆದೇಶ ರದ್ದು ಮಾಡಿದರು.

ಸುದ್ದಿ ಹೇಳಲು ನಾನೇ ಹೋದೆ. ಬಾಗಿಲಲ್ಲಿ ನಿಂತು ಸಂಭ್ರಮದಿಂದಲೇ ಹೇಳಿದೆ. ಗುಲಾಬಿ ಅಕ್ಕ ಲಾಳಿ ನಿಲ್ಲಿಸಲಿಲ್ಲ.

“ಹಂಗಾರೆ ಒಳ್ಳೇದಾಯ್ತ್. ಚೂರ್ ಬದಿಗ್ ನಿಲ್ಲಿ ಸಾರ್, ಬೆಳ್ಕ್ ಬೀಳ್ತಿಲ್ಲೆ.”

ನಗುತ್ತಾ ಸರಿದು ನಿಂತೆ. ಆಮೇಲಿನ ಹದಿನೈದು ವರ್ಷದ ಸರ್ವಿಸಿನಲ್ಲಿ ‘ಕೆಡವಬೇಕು’ ಎಂದು ಬರೆಯುವ ಮೊದಲು, ಆ ಕಟ್ಟಡದೊಳಗೆ ದುಡಿಯುವವರ ಹತ್ತಿರ ಅರ್ಧ ಗಂಟೆ ಕೂತು ಬರುವುದನ್ನು ರೂಢಿ ಮಾಡಿಕೊಂಡೆ. ಹಾಗೆ ಕೂತು ಬಂದ ಮೇಲೂ ಆ ಮಾತು ಬರೆಯಬೇಕಾಗಿ ಬಂದದ್ದು ಎರಡೇ ಸಲ.