ಮಲಗಿಸಿದೀನಿ ಕಣವ್ವ

ಅವರ ಬಲ ಅಂಗೈಯಲ್ಲಿ ರೇಖೆಗಳಿರಲಿಲ್ಲ. ಚರ್ಮ ದಪ್ಪಗಾಗಿ, ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಟೀ ಲೋಟ ದಾಟಿಸುವಾಗ ಬೆರಳು ತಾಕಿದರೆ ಬಿಸಿ ಲೋಟದ್ದೋ ಕೈಯದ್ದೋ ತಿಳಿಯುತ್ತಿರಲಿಲ್ಲ. ಹೀಗೆ ಬರೆದ ಕೂಡಲೇ ನನಗೇ ಅನುಮಾನ. ಆ ಅಂಗೈಯನ್ನು ನಾನು ಸರಿಯಾಗಿ ನೋಡಿದ್ದು ಆಯುಧಪೂಜೆಯ ನಂತರ. ಅದಕ್ಕೆ ಮುಂಚೆ ರೇಖೆಗಳು ಇದ್ದಿರಲೂಬಹುದು.

ಅವರು ನಮ್ಮ ಫೋರ್‌ಮನ್. ಪೀಣ್ಯದ ಒಂದು ಸಣ್ಣ ಶೆಡ್ಡು ನಮ್ಮದು. ಕಬ್ಬಿಣದ ಬೀರು, ಪೆಟ್ಟಿಗೆಗಳಿಗೆ ಬಣ್ಣದ ಪುಡಿ ಎರಚಿ ಓವನ್ನಿನಲ್ಲಿ ಬೇಯಿಸುವ ಕೆಲಸ. ಓವನ್ ಅಂದರೆ ಆಳೆತ್ತರದ ಕೋಣೆ. ಸಾಮಾನನ್ನು ಟ್ರಾಲಿ ಸಮೇತ ಒಳಗೆ ತಳ್ಳಿ ಬಾಗಿಲು ಹಾಕಬೇಕು. ಚಿಲಕ ಹೊರಗಡೆ ಮಾತ್ರ. ಬಾಗಲಕೋಟೆಯಿಂದ ಬಂದ ನಾನು ಅಲ್ಲಿ ಬಣ್ಣ ಸರಿಯಾಗಿ ಕೂತಿದೆಯೇ ಎಂದು ನೋಡುವ ಚೆಕಿಂಗ್ ಕೆಲಸದಲ್ಲಿದ್ದೆ. ಫೋರ್‌ಮನ್ ನಾಗಸಂದ್ರದ ಕಡೆಯ ಹಳೆಯ ಒಕ್ಕಲು ಮನೆಯವರು. ನಾನು "ಬಂದೇನ್ರಿ, ಹೋದೇನ್ರಿ" ಅಂದಾಗಲೆಲ್ಲ ಅದನ್ನೇ ಎಳೆದು ಎಳೆದು ಅಣಕಿಸುತ್ತಿದ್ದರು.

ಅವರ ಮನೆಯಲ್ಲಿ ದೀಪ ಆರಿಸು ಅನ್ನುವಂತಿರಲಿಲ್ಲವಂತೆ, ಶಾಂತ ಮಾಡು ಅನ್ನಬೇಕಿತ್ತಂತೆ. ಆ ರೂಢಿಯನ್ನು ಅವರು ಶೆಡ್ಡಿಗೂ ತಂದಿದ್ದರು. ಅನ್ನ ಕೊಡುವ ಮೆಷಿನ್ನಿಗೆ ಆಫ್ ಅನ್ನಬಾರದು, ಬಂದ್ ಅನ್ನಬಾರದು. ಕಂಪ್ರೆಸರನ್ನು ಮಲಗಿಸು, ಫ್ಯಾನು ಮಲಗಿಸು, ಟ್ಯೂಬ್‌ಲೈಟು ಮಲಗಿಸು. ನಾವೂ ನಗುತ್ತ ನಗುತ್ತ ಹಾಗೆಯೇ ಅನ್ನತೊಡಗಿದೆವು. ನನ್ನ ರೂಮಿನ ಗ್ಯಾಸ್ ಒಲೆಯನ್ನೂ ನಾನು ಮಲಗಿಸುತ್ತಿದ್ದೆ.

ಆಮೇಲೆ ಕಂಪ್ಯೂಟರ್ ಬಂತು. ಓವನ್ನಿನ ಬಿಸಿಯನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ಎರಡು ಶಿಫ್ಟುಗಳ ನಡುವೆ ಸುಮ್ಮನೆ ಕರೆಂಟು ಉರಿಯಬಾರದೆಂದು ಓನರ್ ಒಂದು ಏರ್ಪಾಟು ಮಾಡಿಸಿದರು. ಮೊದಲ ಶಿಫ್ಟು ಮುಗಿದಾಗ ಫೋರ್‌ಮನ್ ಅದನ್ನು ನಿದ್ದೆಗೆ ಹಾಕಬೇಕು. ಎರಡನೆಯ ಶಿಫ್ಟಿಗೆ ಮುಂಚೆ, ಇಟ್ಟ ಹೊತ್ತಿಗೆ ಸರಿಯಾಗಿ ಅದು ತಾನೇ ಎದ್ದು, ಬಾಗಿಲು ಹಾಕಿದ್ದರೆ ಓವನ್ನನ್ನು ಕಾಯಿಸಲು ಶುರುಮಾಡುತ್ತದೆ. ಜೋಡಿಸಿಕೊಟ್ಟ ಇಂಜಿನಿಯರ್ ಕೂಡ "ಆಫ್ ಮಾಡ್ಬೇಡಿ ಸಾರ್, ಸ್ಲೀಪಿಗೆ ಹಾಕಿ" ಅಂದಾಗ ಫೋರ್‌ಮನ್ ನಮ್ಮ ಕಡೆ ತಿರುಗಿ, ನೋಡಿದ್ರಾ, ಓದಿದೋರೂ ನನ್ನ ಮಾತೇ ಆಡ್ತಾರೆ ಎಂಬಂತೆ ಹುಬ್ಬು ಹಾರಿಸಿದರು.

ನಮ್ಮ ಶೆಡ್ಡಿನಲ್ಲಿ ಒಂದೇ ಮಾತಿಗೆ ಎರಡು ಅರ್ಥ ಹುಟ್ಟಿದ್ದು ಅವತ್ತು. ಯಾರೂ ಗಮನಿಸಲಿಲ್ಲ.

ಆಯುಧಪೂಜೆಯ ದಿನ ಮಧ್ಯಾಹ್ನ. ಕೆಲಸವಿಲ್ಲ, ತೊಳೆಯುವುದು ಬಳಿಯುವುದು ಮಾತ್ರ. ಓವನ್ನಿನ ಹಿಂಬದಿ ಮೂಲೆಯಲ್ಲಿ ಸುಟ್ಟ ಪುಡಿ ಗಟ್ಟಿಯಾಗಿ ಕೂತಿತ್ತು. ಅದನ್ನು ಕೆರೆಯಲು ನಾನೇ ಒಳಗೆ ಹೋದೆ. ಹೋಗುವ ಮುಂಚೆ ಕಂಪ್ಯೂಟರ್ ಏನು ಮಾಡಿದಿರಿ ಎಂದು ಕೇಳಿದ್ದು ನೆನಪಿದೆ.

"ಮಲಗಿಸಿದೀನಿ ಕಣವ್ವ. ನೀನು ಆರಾಮಾಗಿ ಒರ್ಸು."

ಬಾಗಿಲ ಹೊರಮೈಗೆ ವಿಭೂತಿ ಬಳಿದು ಕುಂಕುಮ ಇಡಬೇಕಿತ್ತು. ಬಾಗಿಲು ತೆರೆದಿದ್ದರೆ ಹೊರಮೈ ಗೋಡೆಗೆ ತಾಗಿ ಕೈಗೆ ಸಿಗುವುದಿಲ್ಲ. ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡ್ತೀನಿ ಎಂದು ಕೂಗಿ ಹೇಳಿಯೇ ಅವರು ಅದನ್ನು ತಳ್ಳಿ ಮುಚ್ಚಿದರು. ಚಿಲಕ ಬಿತ್ತು. ನಾನು ಹೂಂ ಅಂದೆ. ಕೈಯಲ್ಲಿ ಟಾರ್ಚಿತ್ತು. ಹೊರಗೆ ಪಕ್ಕದ ಶೆಡ್ಡಿನ ತಮಟೆ ಸದ್ದು.

ಮೊದಲು ಎಲ್ಲೋ ಒಂದು ಟಕ್ ಎಂಬ ಸದ್ದು. ಆಮೇಲೆ ನನ್ನ ಬೆನ್ನ ಹಿಂದೆ ದೊಡ್ಡ ಫ್ಯಾನು ಉಸಿರೆಳೆದುಕೊಂಡು ತಿರುಗತೊಡಗಿತು. ಕಾಲ ಬಳಿ ಗಾಳಿ. ಬಿಸಿಯಿರಲಿಲ್ಲ, ಇನ್ನೂ. ನನ್ನನ್ನು ಹೆದರಿಸಿದ್ದು ಬಿಸಿಯಲ್ಲ, ಬಿಸಿ ಆಮೇಲಿನದು. ಯಾರೂ ಏನೂ ಒತ್ತಿರಲಿಲ್ಲ ಎಂಬುದು ನನಗೆ ಆ ಕ್ಷಣದಲ್ಲೇ ಹೇಗೋ ಗೊತ್ತಾಗಿತ್ತು. ಯಾರೂ ಒತ್ತದಿದ್ದರೆ ನಿಲ್ಲಿಸು ಎಂದು ಯಾರಿಗೆ ಕೂಗಬೇಕು? ಕೂಗಿದೆ. ಬಾಗಿಲು ಬಡಿದೆ. ತಮಟೆಯ ಸದ್ದಿನಲ್ಲಿ ನನ್ನ ಬಡಿತ ನನಗೇ ಕೇಳಲಿಲ್ಲ. ಗಾಳಿ ಬೆಚ್ಚಗಾಯಿತು, ಸುಟ್ಟ ಪುಡಿಯ ವಾಸನೆ ಎದ್ದಿತು, ಮೂಗಿನೊಳಗೆ ಚುರುಚುರು ಅಂದಿತು. ಎಷ್ಟು ಹೊತ್ತು ಎಂದು ಕೇಳಬೇಡಿ. ಆ ಹೊತ್ತನ್ನು ನಾನು ಹೇಳಿದಷ್ಟು ಸಲವೂ ಅದು ಬೆಳೆದಿದೆ.

ಹೊರಗೆ ಅವರು ವಿಭೂತಿಯ ಕೈಯನ್ನು ಬಾಗಿಲಿಗೆ ಒತ್ತಿದ್ದರಂತೆ. ಅಂಗೈ ಕೆಳಗೆ ತಗಡು ನಡುಗಿತಂತೆ.

ಬಾಗಿಲು ತೆರೆಯಿತು. ನನ್ನ ರಟ್ಟೆ ಹಿಡಿದು ಎಳೆದುಹಾಕಿದರು. ನೇರ ಹೋಗಿ, ಹೂವಿನ ಹಾರ ಹಾಕಿಸಿಕೊಂಡು ಕೂತಿದ್ದ ಕಂಪ್ಯೂಟರಿನ ವೈರನ್ನು ಗೋಡೆಯಿಂದ ಕಿತ್ತರು. ಹಾರ ಹರಿಯಿತು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ನನ್ನ ಮುಖ ನೋಡದೆ ಅಂದರು:

"ಅಬ್ಬದ ದಿನ ಅದ್ಕೂ ರಜಾ ಅಂದ್ಕಂಡಿದ್ದೆ ಕಣವ್ವ."

ಅವರು ಅತ್ತರು ಎಂದು ನನ್ನ ನೆನಪು. ಅವತ್ತು ಶೆಡ್ಡು ತೊಳೆಯಲು ಬಂದಿದ್ದ ನನ್ನ ಗೆಳತಿ, ಅಳು ಗಿಳು ಏನೂ ಇಲ್ಲ, ನೀನೇ ಹೊರಗೆ ಬಂದು ಹುಚ್ಚಿಯ ಹಾಗೆ ನಗುತ್ತಿದ್ದೆ ಅನ್ನುತ್ತಾಳೆ. ಎರಡೂ ನಿಜವಿರಬಹುದು, ಎರಡೂ ಸುಳ್ಳಿರಬಹುದು. ಬಾಗಿಲ ಮೇಲೆ ಬೆರಳು ಜಾರಿದ ವಿಭೂತಿಯ ಹಸ್ತ ಮಾತ್ರ ಬಹಳ ದಿನ ಇತ್ತು. ಅದನ್ನು ಒರೆಸುವ ಧೈರ್ಯ ಯಾರಿಗೂ ಬರಲಿಲ್ಲ.

ಬಾಗಿಲಿಗೆ ಒಳಗಡೆಯಿಂದಲೂ ತೆರೆಯುವ ಹಿಡಿ ಬೆಸೆಯುವವರೆಗೆ ಅವರು ಓವನ್ ಮುಟ್ಟಲಿಲ್ಲ. ಹಿಡಿ ಬಂತಲ್ಲ, ಇನ್ನು ಅದು ತಾನೇ ಏಳಲಿ ಬಿಡಿ ಎಂದು ಓನರ್ ಅಂದಾಗ, ಹಾಗಾದರೆ ನಾನು ಏಳುವುದಿಲ್ಲ, ಮನೆಯಲ್ಲೇ ಮಲಗುತ್ತೇನೆ ಅಂದರು. ತಾನೇ ಏಳುವ ಏರ್ಪಾಟನ್ನು ಇಂಜಿನಿಯರ್ ಬಂದು ತೆಗೆದುಹಾಕಿದ.

ಅಲ್ಲಿಂದ ಅವರಿಗೆ ಭಯ ಅಂಟಿಕೊಂಡಿತು. ಕಂಪ್ಯೂಟರ್ ಎಬ್ಬಿಸುವ ಮುಂಚೆ ಓವನ್ನಿನೊಳಗೆ ತಲೆ ಹಾಕಿ "ಒಳಗ್ಯಾರಿದ್ದೀರಾ?" ಎಂದು ಕೂಗುವರು. ಖಾಲಿ ಕೋಣೆ, ಕಣ್ಣಿಗೆ ಕಾಣುತ್ತಿದೆ. ಆದರೂ ಕಾಯುವರು. ಶೆಡ್ಡಿನ ಯಾವ ಮೂಲೆಯಲ್ಲಿದ್ದರೂ ನಾನು "ಇಲ್ಲೇ ಅದೀನ್ರಿ" ಅನ್ನಬೇಕು. ಅಂದ ಮೇಲೆಯೇ ಬಾಗಿಲು ಹಾಕುವರು. ಹುಡುಗರು ನಗುತ್ತಿದ್ದರು. ಉತ್ತರ ಬರಲಿಲ್ಲ ಅಂದರೆ ಯಾರೂ ಇಲ್ಲ ಅಂತ ತಾನೇ ಎಂದು ನಾನೇ ಒಮ್ಮೆ ಕೇಳಿದೆ.

"ಉತ್ರ ಬರ್ನಿಲ್ಲ ಅಂದ್ರೆ ಯಾರೂ ಇಲ್ಲ ಅಂತ ಎಂಗಂತೀಯವ್ವಾ?"

ನಗಲಾಗಲಿಲ್ಲ. ಮಲಗಿಸು ಎಂಬ ಮಾತನ್ನು ಅವರು ಮತ್ತೆ ಆಡಲಿಲ್ಲ. ಆಫ್ ಅನ್ನಲೂ ಬಾಯಿ ಬರುತ್ತಿರಲಿಲ್ಲ. ಸುಮ್ಮನೆ ಸ್ವಿಚ್ಚಿನ ಕಡೆ ಬೆರಳು ತೋರಿಸುತ್ತಿದ್ದರು.

ಕೆಲವು ವರ್ಷಗಳ ನಂತರ, ಅವರ ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದು ಸುದ್ದಿ ಬಂತು. ತುಮಕೂರು ರಸ್ತೆಯ ಆಸ್ಪತ್ರೆಗೆ ಓಡಿದೆ. ಗಾಜಿನ ಬಾಗಿಲಾಚೆ ಮಲಗಿದ್ದರು. ಪಕ್ಕದಲ್ಲಿ ಒಂದು ಯಂತ್ರ ಅವರಿಗಾಗಿ ಉಸಿರಾಡುತ್ತಿತ್ತು. ಮೊದಲು ಔಷಧಿ ಕೊಟ್ಟು ನಾವೇ ಮಲಗಿಸಿದ್ದೆವು ಎಂದು ನರ್ಸ್ ಹೇಳಿದಳು. ಈಗ ಔಷಧಿ ನಿಲ್ಲಿಸಿಯೂ ಏಳುತ್ತಿಲ್ಲ, ಕರೆದರೆ ಉತ್ತರವಿಲ್ಲ ಅಂದಳು. ಮಲಗಿಸು ಎಂಬ ಆ ಮಾತನ್ನೇ ಅವಳು ಆಡಿದಳೋ, ನಾನು ಆಮೇಲೆ ಅವಳ ಬಾಯಿಗೆ ಹಾಕಿದೆನೋ, ಪ್ರಮಾಣ ಮಾಡಿ ಹೇಳಲಾರೆ.

ಗಾಜಿನ ಮೇಲೆ ಅಂಗೈ ಊರಿದೆ. ತಣ್ಣಗಿತ್ತು. ತಗಡಾಗಿದ್ದರೆ ನಡುಕವಾದರೂ ತಿಳಿಯುತ್ತಿತ್ತೇನೋ. ಉತ್ತರ ಬರಲಿಲ್ಲ ಅಂದರೆ ಒಳಗೆ ಯಾರೂ ಇಲ್ಲ ಅಂತ ಹೇಗನ್ನುವುದು? ಕೂಗುವವರು ಒಳಗೆ ಬಿದ್ದಿದ್ದರು. ನನ್ನ ಪಾಲಿನ ಮಾತೊಂದೇ ಉಳಿದಿತ್ತು.

"ಇಲ್ಲೇ ಅದೀನ್ರಿ," ಅಂದೆ.

ಸಂಜೆ ಅವರ ಹೆಂಡತಿ ಬಂದು ಹೆಗಲು ಮುಟ್ಟುವವರೆಗೂ ಆ ಕೈ ತೆಗೆಯಲಿಲ್ಲ.