ತೂದಾಳ ಕಲ್ಲುಮಿಡತೆ

ಜೇನು ಸಾಕುವ ತೂದಾಗೆ ಆ ವಸಂತದಲ್ಲಿ ತಲೆ ಕೆಟ್ಟುಹೋಗಿತ್ತು. ಆಂಟಿ-ಅಟ್ಲಾಸ್ ಬೆಟ್ಟದ ನಮ್ಮ ಕಣಿವೆಗೆ ದಂಡುಮಿಡತೆ ಬಂದಿದೆಯೆಂದು ಯಾರೋ ಪೇಟೆಯ ಕೃಷಿ ಕಚೇರಿಗೆ ದೂರು ಕೊಟ್ಟಿದ್ದರು. ಗುರುವಾರ ಔಷಧಿ ಹೊಡೆಯುವ ಗಾಡಿ ಬರುವುದಿತ್ತು. ಔಷಧಿ ಬಿದ್ದರೆ ಅವಳ ಮೂವತ್ತು ಗೂಡುಗಳ ಜೇನುಹುಳ ಒಂದೂ ಉಳಿಯುತ್ತಿರಲಿಲ್ಲ.

ಬಂದದ್ದು ದಂಡೇ ಅಲ್ಲ. ಕಲ್ಲಿನದೇ ಬಣ್ಣದ, ಕಪ್ಪೆಯ ಹಾಗೆ ಉಬ್ಬಿಕೊಂಡ ಒಂಟಿ ಮಿಡತೆ. ಅದು ಹಾರಲಾರದು, ನೆಗೆದರೂ ಒಂದು ಗೇಣು. ಚಿಕ್ಕಂದಿನಿಂದ ತೂದಾ ಅದನ್ನು ಕಂಡಿದ್ದಳು, ವರ್ಷಕ್ಕೆ ಮೂರೋ ನಾಲ್ಕೋ. ಪಕ್ಕದ ಮನೆಯ ನಾನು ಫೋಟೊ ತೆಗೆದು ಕಚೇರಿಯ ಅಧಿಕಾರಿ ಜವಾದನಿಗೆ ಕಳಿಸಿದೆ. ಅವನು ತೂದಾಗೆ ಫೋನ್ ಮಾಡಿ, ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ 'ಲಲ್ಲಾ' ಎಂದೇ ಮಾತಾಡಿಸಿದ.

"ರೆಕ್ಕೆ ಕಾಣ್ತಿಲ್ಲ ಲಲ್ಲಾ. ಬಿಡಿಸಿ ಇನ್ನೊಂದು ಫೋಟೊ ಕಳ್ಸಿ."

"ಇಲ್ಲದ ರೆಕ್ಕೇನ ಎಲ್ಲಿಂದ ಬಿಡಿಸ್ಲಪ್ಪಾ?"

"ಹಾಗಾದ್ರೆ ಅದು ದಂಡುಮಿಡತೆ ಮರಿ. ಮರಿಗೆ ರೆಕ್ಕೆ ಇರಲ್ಲ. ಹೊಡೀಲೇಬೇಕು."

"ಹೆಬ್ಬೆರಳಿಗಿಂತ ಉದ್ದ ಇದೆ. ಇದು ಮರಿಯಾ?"

"ಪುಸ್ತಕದಲ್ಲಿ ಹಾಗೇ ಇದೆ."

ಬುಧವಾರ ಬೆಳಿಗ್ಗೆ ತೂದಾ ಒಂದು ಡಬ್ಬಕ್ಕೆ ಮಣ್ಣು ತುಂಬಿ, ಮಿಡತೆಯನ್ನು ಕೂರಿಸಿ, ನನ್ನನ್ನೂ ಎಳೆದುಕೊಂಡು ಟ್ಯಾಕ್ಸಿ ಹತ್ತಿದಳು. ಕಚೇರಿಯಲ್ಲಿ ಅರ್ಜಿ ಬರೆಯಬೇಕಂತೆ. ರೆಕ್ಕೆಯ ಉದ್ದದ ಜಾಗ ಖಾಲಿ ಬಿಟ್ಟಿದೆಯೆಂದು ಗುಮಾಸ್ತ ಎರಡು ಸಲ ವಾಪಸು ಕೊಟ್ಟ. ಮೂರನೆಯ ಸಲ ಅವಳು ಅವನನ್ನು ದಾಟಿಕೊಂಡು ಹೋಗಿ ಜವಾದನ ಮೇಜಿನ ಮೇಲೆ ಡಬ್ಬ ಕುಕ್ಕಿದಳು.

ಅವನು ಮುಚ್ಚಳ ತೆಗೆದ. ಮಿಡತೆ ಹೊಟ್ಟೆಯ ತುದಿಯನ್ನು ಮಣ್ಣಿನಲ್ಲಿ ಹುಗಿದು ಕೂತಿತ್ತು. ಅದನ್ನು ಎತ್ತಿ ಮಣ್ಣು ಕೆದಕಿದರೆ, ನೊರೆಯೊಳಗೆ ಅಕ್ಕಿಕಾಳಿನಂಥ ಮೊಟ್ಟೆಗಳು.

"ನೋಡಪ್ಪಾ, ನಿನ್ನ ಮರಿ ಮೊಟ್ಟೆ ಇಟ್ಟಿದೆ!" ಎಂದಳು ತೂದಾ. "ಇದನ್ನೂ ಪುಸ್ತಕದಲ್ಲಿ ಹುಡುಕು."

ಜವಾದ್ ನಿಜವಾಗಿಯೂ ಹುಡುಕಿದ. ಯಾವ ಚಿತ್ರವೂ ಹೋಲಲಿಲ್ಲ. ಕೊನೆಗೆ ರಾಜಧಾನಿ ರಬಾತಿನ ಕೀಟಪಂಡಿತರೊಬ್ಬರಿಗೆ ಫೋಟೊ ಕಳಿಸಿದ. ಮಧ್ಯಾಹ್ನ ಉತ್ತರ ಬಂತು: ಪೂರ್ತಿ ಬೆಳೆದ ಹೆಣ್ಣು, ಎರಡು ಮೂರು ಕಣಿವೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ, ಔಷಧಿ ಹೊಡೆಯಲೇಬೇಡಿ. ಗುರುವಾರದ ಗಾಡಿ ರದ್ದಾಯಿತು. ತೂದಾ ಬೆಂಚಿನ ಮೇಲೆ ಕುಸಿದು ಕೂತು, ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಮುಖ ಒರೆಸಿಕೊಂಡಳು.

"ಪಂಡಿತರಿಗೆ ಇನ್ನೆರಡು ಬೇಕಂತೆ, ಹಿಡಿದು ತಂದ್ಕೊಡ್ತೀರಾ ಲಲ್ಲಾ?" ಎಂದ ಜವಾದ್.

"ನೀನೇ ಬಾ. ಕಲ್ಲು ಕಲ್ಲೂ ತಿರುವಿ ಹುಡುಕು. ಸ್ವಲ್ಪ ನಿನ್ನ ಬೆನ್ನೂ ನೋಯ್ಲಿ."

ಬಂದ. ಪಂಡಿತರ ಜೊತೆ ಮೂರು ದಿನ ಬೆಟ್ಟ ಅಲೆದು ಒಂದೇ ಒಂದು ಹಿಡಿದ. ತೂದಾ ಬೈಯುತ್ತಲೇ ಇಬ್ಬರಿಗೂ ರೊಟ್ಟಿ, ಜೇನು ಬಡಿಸಿದಳು.

ತಿಂಗಳ ನಂತರ ಪಂಡಿತರ ವರದಿ ಬಂತು. ತೂದಾಳ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ನಾನು ಅವಳಿಗೆ ಓದಿ ಹೇಳಿದೆ: "ಮಿಡತೆಯನ್ನು ಗುರುತಿಸಿದವರು, ಜವಾದ್."

"ಫೋನ್ ಕೊಡಿಲ್ಲಿ," ಎಂದಳು ತೂದಾ.