ಒಂಟೆ ಕೊಟ್ಟದ್ದು

ನಮ್ಮ ಲ್ಯಾಬಿನ ಮೇಡಂ ಬಿಳಿಚೋಡಿನ ಕುರಿಗಾರರ ಮಗಳು. ಉಣ್ಣೆ ಕತ್ತರಿಸುವ ಮುನ್ನ ಅವರಪ್ಪ ಕುರಿಯ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರಂತೆ. ನಮ್ಮ ಸಂಶೋಧನೆಗೆಂದು ರಕ್ತ ತೆಗೆಯುವ ಮುನ್ನ ಮೇಡಂ ಒಂಟೆಗೂ ಹಾಗೆಯೇ ಮಾಡಿ, ನಮಗೆ ಹೇಳುತ್ತಿದ್ದರು:

"ಅವಸರ ಮಾಡಬ್ಯಾಡ್ರಿ. ನಾವು ಇಸ್ಕೊಳ್ಳೋರು, ಕೊಡೋದು ಅದು."

ಒಂಟೆಯ ರಕ್ತದಲ್ಲಿ ಬಲು ಪುಟ್ಟ ಪ್ರತಿಕಾಯಗಳಿರುತ್ತವೆ. ಕ್ಯಾನ್ಸರ್ ಕೋಶಕ್ಕೆ 'ಬೆಳೆ' ಎಂಬ ಸಂದೇಶ ಹೋಗುವ ಬಾಗಿಲಿಗೆ ಅವುಗಳಲ್ಲೊಂದು ಅಂಟಿ, ಅದನ್ನು ಮುಚ್ಚಬೇಕಿತ್ತು. ಎರಡು ವರ್ಷ ಯಾವುದೂ ಅಂಟಲಿಲ್ಲ. ಆಗಲೂ ಮೇಡಂ ಅದೇ ಮಾತು ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಸೂಕ್ಷ್ಮದರ್ಶಕದಲ್ಲಿ, ನಾವು ಹಸಿರು ಬಣ್ಣ ಕೂಡಿಸಿದ್ದ ಪ್ರತಿಕಾಯ ಪ್ರತಿ ಕ್ಯಾನ್ಸರ್ ಕೋಶದ ಸುತ್ತ ಉಂಗುರವಾಗಿ ಹೊಳೆಯಿತು. ಕೊನೆಗೂ ಒಂದು ಅಂಟಿತ್ತು. ಎಲ್ಲರೂ ಕೂಗಿದೆವು. ಮೇಡಂ ಹೊರಗೆ ಹೋಗಿ ಒಂಟೆ ಸಾಕುವವರಿಗೆ ಫೋನ್ ಮಾಡಿದರು.

"ಅಣ್ಣಾ, ಅದರ ಕಿವ್ಯಾಗೆ ಹೇಳ್ರಿ, ಕೊಟ್ಟಿದ್ದು ಕೆಲಸಕ್ಕೆ ಬಂತು ಅಂತ."